ಎಂಟು ನಿಮಿಷದ ಆಕಾಶ

ಹಾವೇರಿ ಸೀಮೆಗೆ ಹೆಲಿಕಾಪ್ಟರ್ ಬರುವುದು ಎರಡೇ ಹಂಗಾಮಿನಲ್ಲಿ. ಒಂದು ಚುನಾವಣೆ, ಇನ್ನೊಂದು ನೆರೆ. ವರದಾ, ತುಂಗಭದ್ರೆ ದಂಡೆ ಮೀರಿ ಹೊಲ ನುಂಗಿದಾಗ ವೈಮಾನಿಕ ಸಮೀಕ್ಷೆ. ಮತ ಕೇಳುವ ಕಾಲ ಬಂದಾಗ ಇವತ್ತು ಈ ಪಕ್ಷದ್ದು, ನಾಳೆ ಆ ಪಕ್ಷದ್ದು. ಎರಡೂ ಸಲ ಒಳಗೆ ಕೂತವರು ಬೇರೆ ಯಾರೋ, ಕೆಳಗೆ ನಿಂತು ಕುತ್ತಿಗೆ ನೋಯುವಷ್ಟು ಹೊತ್ತು ಮೇಲೆ ನೋಡುವವರು ನಾವು.

ಬರುವ ಹಿಂದಿನ ದಿನವೇ ಕಾಲೇಜು ಮೈದಾನದಲ್ಲಿ ಕೆಲಸ ಶುರು. ನಟ್ಟನಡುವೆ ಸುಣ್ಣದಲ್ಲಿ ದೊಡ್ಡ ವೃತ್ತ ಬರೆದು ಅದರೊಳಗೆ ಇಂಗ್ಲಿಷಿನ ಎಚ್ ಅಕ್ಷರ ಮೂಡಿಸುತ್ತಾರೆ. ಟ್ಯಾಂಕರ್ ತಂದು ನೀರು ಹೊಡೆದು ಧೂಳು ಕೂರಿಸುತ್ತಾರೆ. ಅಗ್ನಿಶಾಮಕ ವಾಹನ, ಆಂಬುಲೆನ್ಸ್ ಬಂದು ನಿಲ್ಲುತ್ತವೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಪೈಲಟ್‌ಗೆ ತಿಳಿಯಲು ಮೂಲೆಯಲ್ಲಿ ಹೊಗೆ ಹಾಕುತ್ತಾರೆ. ಪೊಲೀಸರು ಮೊದಲು ನಾಯಿಗಳನ್ನು ಓಡಿಸುತ್ತಾರೆ, ಆಮೇಲೆ ಹುಡುಗರನ್ನು. ನಾಯಿಗಳು ಹೋಗುತ್ತವೆ, ಹುಡುಗರು ಹೋಗುವುದಿಲ್ಲ. ಇಳಿದು ಬಂದ ದೊಡ್ಡವರ ಕೊರಳಿಗೆ ಏಲಕ್ಕಿ ಹಾರ ಬೀಳುತ್ತದೆ. ಹಾವೇರಿಯಲ್ಲಿ ಏಲಕ್ಕಿ ಬೆಳೆಯುವುದಿಲ್ಲ. ಮಲೆನಾಡಿನಿಂದ ಬಂದ ಕಾಯನ್ನು ಇಲ್ಲಿಯ ಬಾವಿಗಳ ನೀರಿನಲ್ಲಿ ತೊಳೆದು ಬಿಳುಪು ಮಾಡುವ ಕಸುಬು ಹಿಂದೆ ಇತ್ತು. ಆ ವ್ಯಾಪಾರ ಹೋಯಿತು, ಏಲಕ್ಕಿ ಪೋಣಿಸುವ ಪಟವೇಗಾರರ ಕೈಯ ಹಾರ ಮಾತ್ರ ಉಳಿದಿದೆ.

ನೀರು ಹೊಡೆಯುವುದು, ಕಸ ಗುಡಿಸುವುದು ಬರೀ ಶಿಷ್ಟಾಚಾರ ಅಂದುಕೊಳ್ಳಬೇಡಿ. 2023ರ ಮಾರ್ಚಿನಲ್ಲಿ ಜೇವರ್ಗಿಯಲ್ಲಿ ಬಿ.ಎಸ್. ಯಡಿಯೂರಪ್ಪ ಅವರಿದ್ದ ಹೆಲಿಕಾಪ್ಟರ್ ಇನ್ನೇನು ನೆಲ ಮುಟ್ಟಬೇಕು ಎನ್ನುವಾಗ ಮೈದಾನದ ಪ್ಲಾಸ್ಟಿಕ್ ಹಾಳೆ, ಚೀಲಗಳೆಲ್ಲ ಮೇಲೆದ್ದವು. ಪೈಲಟ್ ಇಳಿಸದೆ ಮತ್ತೆ ಮೇಲಕ್ಕೆತ್ತಿದರು. ಅದೇ ವರ್ಷ ಮೇ 2ರಂದು ಹೊಸಕೋಟೆ ಬಳಿ ಡಿ.ಕೆ. ಶಿವಕುಮಾರ್ ಅವರಿದ್ದ ಹೆಲಿಕಾಪ್ಟರಿಗೆ ಹದ್ದು ಬಡಿದು ಮುಂದಿನ ಗಾಜು ಒಡೆಯಿತು, ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಲ್ಲಿ ಇಳಿಸಬೇಕಾಯಿತು. ಹದ್ದಿಗೆ ಯಾವ ಪೊಲೀಸರೂ ಹೇಳಲಾರರು.

ಇಂಥ ವಾಹನ ಈಗ ಜನಸಾಮಾನ್ಯರ ರಜೆಯ ಪಟ್ಟಿಗೂ ಸೇರಿಕೊಂಡಿದೆ. ಚಳಿಗಾಲದ ರಜೆ ಎನ್ನುವುದೇ ನಮ್ಮ ಕಡೆಗೆ ಹೊಸದು. ಸರ್ಕಾರಿ ಶಾಲೆಗಳಿಗೆ ದಸರೆ ರಜೆ, ಬೇಸಿಗೆ ರಜೆ, ಮುಗಿಯಿತು. ಡಿಸೆಂಬರ್, ಜನವರಿ ಎಂದರೆ ಮೆಣಸಿನಕಾಯಿ ಬಿಡಿಸುವ ಕಾಲ. ರೈತರ ಮನೆಯಲ್ಲಿ ಮಕ್ಕಳಿಗೂ ಪುರುಸೊತ್ತಿಲ್ಲ. ಎಳ್ಳ ಅಮಾಸಿಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಂಡು ಬರುವುದು, ಸಂಕ್ರಾಂತಿಗೆ ಬುತ್ತಿ ಕಟ್ಟಿಕೊಂಡು ಗಳಗನಾಥಕ್ಕೋ ಚೌಡದಾನಪುರಕ್ಕೋ ಹೊಳೆಗೆ ಹೋಗುವುದು, ಪ್ರವಾಸವೆಂದರೆ ಅಷ್ಟೇ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮಾದಲಿ. ದಂಡೆಯ ಕಲ್ಲಿನ ಮೇಲೆ ಕೂತು ಉಂಡರೆ ಅದಕ್ಕಿಂತ ದೊಡ್ಡ ರಜೆ ಬೇಕೆನಿಸುತ್ತಿರಲಿಲ್ಲ.

ಈಗ ಬೆಂಗಳೂರು, ಪುಣೆಗಳಿಂದ ಮಕ್ಕಳು, ಮೊಮ್ಮಕ್ಕಳು ಕ್ರಿಸ್‌ಮಸ್ ರಜೆಗೆ ಊರಿಗೆ ಬರುತ್ತಾರೆ. ಬಂದ ಎರಡನೇ ದಿನಕ್ಕೆ ತಂಗಿಯ ಮಗ ಕೇಳುತ್ತಾನೆ: ‘ಮಾಮಾ, ಇಲ್ಲಿ ನೋಡೋದು ಏನೈತಿ?’ ಇದೆಯಪ್ಪ, ಬೇಕಾದಷ್ಟಿದೆ. ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್, ಬಂಕಾಪುರದ ನವಿಲುಗಳು, ಕಾಗಿನೆಲೆ, ರಾಣೆಬೆನ್ನೂರಿನ ಚಿಗರಿಗಳು. ಇವೆಲ್ಲ ಮುಗಿದ ಮೇಲೆ ಮತ್ತೆ ಅದೇ ಪ್ರಶ್ನೆ. ಆಗ ಯಾರೋ ಒಬ್ಬರು ಫೋನಿನಲ್ಲಿ ತೋರಿಸುತ್ತಾರೆ: ಹಂಪಿ ಉತ್ಸವದಾಗ ಹೆಲಿಕಾಪ್ಟರ್ ಹತ್ತಸ್ತಾರಂತ. ಹಾವೇರಿಯಿಂದ ಹಂಪಿಗೆ ನೂರೈವತ್ತು ಕಿಲೋಮೀಟರ್ ಆಸುಪಾಸು. ಹೊತ್ತು ಮೂಡುವ ಮೊದಲೇ ಹೊರಟರೆ ಸಂಜೆಗೆ ಮನೆ ಸೇರಬಹುದು.

ಹಂಪಿ ಉತ್ಸವವನ್ನು ಕಟ್ಟಿ ಬೆಳೆಸಿದವರು ಎಂ.ಪಿ. ಪ್ರಕಾಶ್. ಹೊಳೆಯಾಚೆಯ ಹೂವಿನಹಡಗಲಿಯ ಶಾಸಕರಾಗಿದ್ದವರು, ನಮಗೆ ನೆರೆಮನೆಯವರು ಅನ್ನಿ. ಮೊದಲೆಲ್ಲ ಉತ್ಸವ ನವೆಂಬರ್ 3ರಿಂದ ನಡೆಯುತ್ತಿತ್ತು. ಈಚಿನ ವರ್ಷಗಳಲ್ಲಿ ಜನವರಿ, ಫೆಬ್ರುವರಿಗೆ ಸರಿದಿದೆ. 2023ರಲ್ಲಿ ಜನವರಿ 27ರಿಂದ 29, 2024ರಲ್ಲಿ ಫೆಬ್ರುವರಿ 2ರಿಂದ 4. ಆ ದಿನಗಳಲ್ಲಿ ಕಮಲಾಪುರದ ಮಯೂರ ಭುವನೇಶ್ವರಿ ಹೋಟೆಲ್ ಆವರಣದಿಂದ ‘ಹಂಪಿ ಬೈ ಸ್ಕೈ’ ಹೆಸರಿನಲ್ಲಿ ಹೆಲಿಕಾಪ್ಟರ್ ಸುತ್ತು. ಮೈಸೂರು ದಸರೆಯಲ್ಲೂ ಇದು ನಡೆದಿದೆ. ಬೀದರ್, ಚಿಕ್ಕಮಗಳೂರು ಉತ್ಸವಗಳಿಗೂ ಬಂತು. ಏಳೆಂಟು ನಿಮಿಷಕ್ಕೆ ತಲೆಗೆ ಎರಡು ಸಾವಿರದಿಂದ ನಾಲ್ಕು ಸಾವಿರದ ಆಸುಪಾಸು ಇತ್ತು.

ಉತ್ಸವದ ಹೊತ್ತಿಗೆ ಎಲ್ಲರೂ ಮತ್ತೆ ಕೂಡಿ ನಾವೂ ಹೋದೆವು. ಟಿಕೆಟ್ ಕೈಗೆ ಬಂದ ಮೇಲೆ ಮೊದಲ ಕೆಲಸ ತೂಕ. ನೆಲದ ಮೇಲೆ ಒಂದು ಎಲೆಕ್ಟ್ರಾನಿಕ್ ತಕ್ಕಡಿ. ಒಬ್ಬೊಬ್ಬರೇ ಹತ್ತಬೇಕು, ಕೈಚೀಲದ ಸಮೇತ. ಬ್ಯಾಡಗಿಯಲ್ಲಿ ಹುಟ್ಟಿ ಬೆಳೆದ ನಮ್ಮ ಅವ್ವ ತಕ್ಕಡಿಯ ಮುಂದೆ ನಿಂತುಬಿಟ್ಟಳು.

‘ಇದೇನಪಾ, ಮೆಣಸಿನಕಾಯಿ ಚೀಲ ತೂಗಿದಂಗ ತೂಗ್ತಾರಲ್ಲ! ದಲಾಲಿ ಯಾರು?’

‘ಅತ್ತ್ಯಾರ, ಇವತ್ತು ರೇಟ್ ನಾವ ಕೊಡೋದ್ರಿ. ಸುಮ್ನ ನಿಂದರ್ರಿ,’ ಅಂದ ಅಳಿಯ.

ತೂಗುವವರು ನಗಲಿಲ್ಲ. ಅವರಿಗೆ ಅದು ತಮಾಷೆಯ ವಿಷಯವೂ ಅಲ್ಲ. ಇಂಥ ಸುತ್ತಿಗೆ ಬಳಸುವ ಒಂದೇ ಎಂಜಿನ್ನಿನ ಹೆಲಿಕಾಪ್ಟರ್, ಬೆಲ್ 407 ಜಾತಿಯದು, ಪೈಲಟ್ ಬಿಟ್ಟು ಆರು ಮಂದಿಯನ್ನು ಹೊರುತ್ತದೆ. ಜನ, ಇಂಧನ ಎಲ್ಲ ಸೇರಿ ಒಟ್ಟು ಭಾರ ಎರಡು ಟನ್ನಿಗೆ ಸ್ವಲ್ಪ ಮೇಲೆ. ಇಡೀ ಭಾರ ನಡುವಿನ ಒಂದು ಕಂಬದಿಂದ ತೂಗಾಡುವುದರಿಂದ ಮುಂದೆ ಎಷ್ಟು, ಹಿಂದೆ ಎಷ್ಟು, ಎಡಕ್ಕೆ ಎಷ್ಟು ಎನ್ನುವ ಲೆಕ್ಕ ತಪ್ಪುವಂತಿಲ್ಲ. ಹಾಗಾಗಿ ಯಾರು ಎಲ್ಲಿ ಕೂಡಬೇಕು ಎನ್ನುವುದನ್ನು ತಕ್ಕಡಿ ಹೇಳುತ್ತದೆ, ಮನೆಯ ಹಿರಿತನ ಅಲ್ಲ. ಪೈಲಟ್ ಪಕ್ಕದ ಸೀಟಿಗೆ ನಾನು ಕಣ್ಣಿಟ್ಟಿದ್ದೆ, ಅದು ತಂಗಿಯ ಮಗನಿಗೆ ಹೋಯಿತು. ಅಪ್ಪ, ಅವ್ವ ಕಿಟಕಿಗೆ, ನಾನು ನಡುವೆ.

ಹತ್ತಿಸುವ ಹುಡುಗರು ಕಿವಿಯ ಹತ್ತಿರ ಬಾಯಿಟ್ಟು ಕೂಗಿ ಹೇಳುತ್ತಾರೆ: ತಲೆ ತಗ್ಗಿಸಿ ಬರ್ರಿ, ಟೊಪಿಗಿ ಕೈಯಾಗ ಹಿಡೀರಿ, ಸೆರಗ ಸೊಂಟಕ್ಕ ಸಿಗಸ್ರಿ, ಹಿಂದಕ್ಕ ಮಾತ್ರ ಹೋಗಬ್ಯಾಡ್ರಿ. ಕೊನೆಯ ಮಾತು ಎಲ್ಲಕ್ಕಿಂತ ಮುಖ್ಯ. ಮೇಲಿನ ರೆಕ್ಕೆ ಒಂದು ಕಡೆ ತಿರುಗಿದರೆ ಒಡಲು ಇನ್ನೊಂದು ಕಡೆ ತಿರುಗಲು ನೋಡುತ್ತದೆ. ಅದನ್ನು ತಡೆದು ಹಿಡಿಯುವುದು ಬಾಲದ ತುದಿಯ ಸಣ್ಣ ರೆಕ್ಕೆ. ಅದು ತಿರುಗುವಾಗ ಕಣ್ಣಿಗೆ ಕಾಣುವುದೇ ಇಲ್ಲ.

ವಿಮಾನದ ಓಟ ಇಲ್ಲಿಲ್ಲ. ಇದ್ದಲ್ಲೇ ನಾಲ್ಕು ಅಡಿ ಏಳುತ್ತದೆ, ಒಂದು ಗಳಿಗೆ ಅಲ್ಲೇ ನಿಂತು ಯೋಚನೆ ಮಾಡುತ್ತದೆ, ಆಮೇಲೆ ಮೂಗು ತಗ್ಗಿಸಿ ಮುಂದಕ್ಕೆ ನುಗ್ಗುತ್ತದೆ. ಹೊಟ್ಟೆಯಲ್ಲಿ ಚಿಟುಕು ಎನ್ನುವುದು ಆ ತಗ್ಗುವ ಗಳಿಗೆಯಲ್ಲಿ. ಕಣ್ಣು ಬಿಡುವಷ್ಟರಲ್ಲಿ ಕಮಲಾಪುರದ ಕೆರೆ ಕೆಳಗಿದೆ, ಮಹಾನವಮಿ ದಿಬ್ಬ ಒಂದು ಚೌಕ, ಆನೆ ಸಾಲಿನ 11 ಕೋಣೆಗಳ ಗುಮ್ಮಟಗಳು ಒಂದು ಗೆರೆಯಲ್ಲಿ. ನಡೆದು ನೋಡುವಾಗ ಹಂಪಿ ಎಂದರೆ ಗುಡಿ, ಮತ್ತೆ ಬಿಸಿಲು, ಮತ್ತೆ ಗುಡಿ. ಒಂದಕ್ಕೊಂದು ಹೇಗೆ ಸೇರಿವೆ ಎಂಬುದು ಕಾಲಿಗೆ ತಿಳಿಯುವುದಿಲ್ಲ. ಮೇಲಿನಿಂದ ಮೊದಲು ಕಾಣುವುದು ಗುಡಿಯಲ್ಲ, ಊರು: ಕೋಟೆಯ ಸುತ್ತುಗಳು, ತೇರಿನ ಬೀದಿಗಳು, ಬಂಡೆಗಳ ನಡುವೆ ಹಸಿರು ಬಾಳೆತೋಟದ ಉದ್ದ ಪಟ್ಟಿ. ಆ ಪಟ್ಟಿ ಬಿಡದೆ ಸಾಗುವುದಕ್ಕೆ ಕಾರಣ ವಿಜಯನಗರ ಕಾಲದ ತುರ್ತು ಕಾಲುವೆ. ಕಟ್ಟಿಸಿದವರ ಅರಮನೆಗೆ ಬರೀ ಪಾಯ ಉಳಿದಿದೆ, ಅವರ ಕಾಲುವೆ ಇವತ್ತಿಗೂ ಗದ್ದೆಗೆ ನೀರು ಬಿಡುತ್ತದೆ. ಐವತ್ತರ ನೋಟಿನ ಮೇಲಿರುವ ಕಲ್ಲಿನ ತೇರನ್ನು ಹುಡುಕುವುದರೊಳಗೆ ಹೆಲಿಕಾಪ್ಟರ್ ವಾಲಿ ತಿರುಗುತ್ತದೆ. ವಿರೂಪಾಕ್ಷನ ಗೋಪುರ ಒಂದು ಕಡೆ, ಮಾತಂಗ ಬೆಟ್ಟ ಇನ್ನೊಂದು ಕಡೆ, ನಡುವೆ 2011ರಲ್ಲಿ ಅಂಗಡಿ, ಮನೆಗಳನ್ನು ತೆರವು ಮಾಡಿದ ಹಂಪಿ ಬಜಾರು, ಜನವಿಲ್ಲದ ಮಂಟಪಗಳ ಎರಡು ಸಾಲು. ದೂರದಲ್ಲಿ ಆನೆಗೊಂದಿ ಕಡೆ ಅಂಜನಾದ್ರಿ.

ಅವ್ವ ಕಡರಮಂಡಲಗಿಯ ಕಾಂತೇಶನ, ಅಂದರೆ ಹನುಮಪ್ಪನ, ಒಕ್ಕಲು. ಹನುಮಪ್ಪ ಹುಟ್ಟಿದ ಬೆಟ್ಟವೆಂದು ಕೈಮಾಡಿ ತೋರಿಸಿದರೆ ಎರಡೂ ಕೈ ಎತ್ತಿದಳು, ಅರ್ಧಕ್ಕೇ ಇಳಿಸಿದಳು. ಸದ್ದಿನಲ್ಲಿ ಏನೂ ಕೇಳುವಂತಿರಲಿಲ್ಲ. ಇಳಿದ ಮೇಲೆ ಕೇಳಿದರೆ ಉತ್ತರ ಸಿದ್ಧವಿತ್ತು: ‘ದೇವರು ಕೆಳಗ, ನಾ ಮ್ಯಾಲ. ಹೆಂಗ ಕೈ ಮುಗೀಲಿ?’

ಅಪ್ಪನ ಪ್ರಶ್ನೆ ಬೇರೆ: ‘ಆ ಹೊಳಿ ನಮ್ದ ಏನು?’ ನಮ್ಮದೇ. ಚೌಡದಾನಪುರದ ಮುಕ್ತೇಶ್ವರನ ಮೆಟ್ಟಿಲು ತೊಳೆದು, ಗಳಗನಾಥದಲ್ಲಿ ವರದೆಯನ್ನು ಕೂಡಿಸಿಕೊಂಡು, ಟಿ.ಬಿ. ಡ್ಯಾಮಿನಲ್ಲಿ ನಿಂತು, ಆಮೇಲೆ ಹಂಪಿಯ ಬಂಡೆಗಳಿಗೆ ಹೋಗುವ ಅದೇ ತುಂಗಭದ್ರೆ. ನಮ್ಮಲ್ಲಿ ನೆರೆಯಾಗಿ ಹೊಲ ನುಂಗುವ ನೀರೇ ಅಲ್ಲಿ ಟಿಕೆಟ್ ಕೊಟ್ಟು ನೋಡುವ ನೋಟ.

ಅವ್ವನ ಅಳುಕನ್ನು ಮುದುಕಿಯ ಮಾತೆಂದು ತಳ್ಳಿಹಾಕುವ ಹಾಗಿಲ್ಲ. ಹೊಳೆಯಾಚೆಯ ಮೈಲಾರಲಿಂಗನ ಗುಡಿಯ ಮೇಲೆ ಹೆಲಿಕಾಪ್ಟರ್ ಹಾರಬಾರದೆಂಬುದು ಭಕ್ತರ ಗಟ್ಟಿ ನಂಬಿಕೆ. ಅಲ್ಲಿಯ ಜಾತ್ರೆಯಲ್ಲಿ ನಡೆಯುವ ದೈವವಾಣಿ, ಕಾರ್ಣಿಕಕ್ಕೆ ಹೆಲಿಕಾಪ್ಟರಿನಲ್ಲಿ ಬಂದಿದ್ದ ಡಿ.ಕೆ. ಶಿವಕುಮಾರ್ ಅವರಿಗೆ ಆಮೇಲೆ ಒಂದರ ಮೇಲೊಂದು ಸಂಕಷ್ಟ ಬಂದದ್ದು ಇದರಿಂದಲೇ ಎಂದು ಜನ ಆಡಿಕೊಂಡರು. ಅವರು ಮೈಲಾರನಿಗೆ ಬೆಳ್ಳಿಯ ಹೆಲಿಕಾಪ್ಟರ್ ಒಪ್ಪಿಸಿದ್ದು ಪತ್ರಿಕೆಗಳಲ್ಲೆಲ್ಲ ಬಂತು. ದೇವರಿಗೆ ತೊಟ್ಟಿಲು, ಕಣ್ಣು, ಕುದುರೆ ಮಾಡಿಸಿ ಕೊಡುವ ಹರಕೆ ನಮಗೆ ಗೊತ್ತು. ಹೆಲಿಕಾಪ್ಟರ್ ಹರಕೆಯ ಸಾಮಾನುಗಳ ಸಾಲಿಗೆ ಸೇರಿದ್ದು ನಮ್ಮ ಹೊಳೆದಂಡೆಯಲ್ಲಿ.

ಎಂಟು ನಿಮಿಷಕ್ಕೆ ಅಷ್ಟು ದುಡ್ಡೇ ಎಂದು ಕೇಳುವವರು ಒಂದು ಲೆಕ್ಕ ಹಾಕಿ ನೋಡಬೇಕು. ತಲೆಗೆ 3,000 ಹಿಡಿಯಿರಿ. ಆರು ಮಂದಿಗೆ 18,000. ಗಂಟೆಗೆ ಆರು ಸುತ್ತು ಹೊಡೆದರೆ 1,08,000. ಒಂದು ಗಂಟೆ ಹಾರಲು ನೂರೈವತ್ತು ಲೀಟರಿಗೂ ಹೆಚ್ಚು ಇಂಧನ ಬೇಕು; ಅದಲ್ಲದೆ ಪೈಲಟ್, ಎಂಜಿನಿಯರ್, ವಿಮೆ, ಇಷ್ಟು ಗಂಟೆ ಹಾರಿದ ಮೇಲೆ ಇಂಥ ಭಾಗ ಬದಲಿಸಲೇಬೇಕೆಂಬ ಕಟ್ಟುನಿಟ್ಟು, ಬೆಂಗಳೂರಿನಿಂದ ಖಾಲಿ ಬಂದು ಖಾಲಿ ಹೋಗುವ ಖರ್ಚು. ಹಾಗಾಗಿ ಸುತ್ತುಗಳ ನಡುವೆ ಎಂಜಿನ್ ನಿಲ್ಲಿಸುವುದಿಲ್ಲ. ರೆಕ್ಕೆ ತಿರುಗುತ್ತಿರುವಾಗಲೇ ಆರು ಮಂದಿ ಇಳಿಯಬೇಕು, ಆರು ಮಂದಿ ಹತ್ತಬೇಕು. ಆ ಗಡಿಬಿಡಿಗೆ ಕಾರಣ ಇದು. ಹತ್ತಿಸುವ ಹುಡುಗರು ಗದರಿದರೆ ಬೇಸರ ಮಾಡಿಕೊಳ್ಳಬಾರದು.

ಹೆಲಿಕಾಪ್ಟರ್ ನಮ್ಮ ರಾಜ್ಯಕ್ಕೆ ಹೊರಗಿನ ವಸ್ತುವೂ ಅಲ್ಲ. ಸೈನ್ಯ ಬಿಟ್ಟು ಬಂದು ಹಾಸನ ಜಿಲ್ಲೆಯಲ್ಲಿ ಒಕ್ಕಲುತನ ಮಾಡಿದ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಡೆಕ್ಕನ್ ಏವಿಯೇಷನ್ ಕಟ್ಟಿ ಬಾಡಿಗೆ ಹೆಲಿಕಾಪ್ಟರ್ ಬಿಟ್ಟದ್ದು 1997ರಲ್ಲಿ, ಹಾವೇರಿ ಜಿಲ್ಲೆಯಾದ ವರ್ಷ. ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಮಾಡುವವರೂ ಇಲ್ಲಿಯವರೇ, ಹಾರಿಸುವವರೂ ಇಲ್ಲಿಯವರೇ. ಹತ್ತುವ ಸರದಿ ಮಾತ್ರ ನಮಗೆ ತಡವಾಗಿ ಬಂತು.

ಸರದಿ ಬಂದ ಮೇಲೆ ನಮ್ಮ ಊರಿನಲ್ಲೇ ಯಾಕಿಲ್ಲ ಎಂಬ ಪ್ರಶ್ನೆ ಏಳುವುದು ಸಹಜ. ಹಂಪಿಯಿಂದ ಬರುವಾಗ ದಾರಿಯುದ್ದಕ್ಕೂ ಕಾರಿನಲ್ಲಿ ಇದೇ ಚರ್ಚೆ. ಹಾವೇರಿಯಿಂದ ಎದ್ದರೆ ಹೆಗ್ಗೇರಿ ಕೆರೆ, ಪಶ್ಚಿಮಕ್ಕೆ ಮುಖಮಾಡಿದ ಸಿದ್ಧೇಶ್ವರ ಗುಡಿ, ಹೆದ್ದಾರಿ ಗುಂಟ ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವರ ಮೋಟೆಬೆನ್ನೂರು, ಬಲಕ್ಕೆ ತಿರುಗಿದರೆ ಬ್ಯಾಡಗಿ, ಅಲ್ಲಿಂದ ರಾಣೆಬೆನ್ನೂರು, ಹೊಳೆ ಹಿಡಿದು ಚೌಡದಾನಪುರ, ಗಳಗನಾಥ. ಚಳಿಗಾಲವೇ ಇದಕ್ಕೆ ಸರಿಯಾದ ಕಾಲ. ತಣ್ಣನೆಯ ಗಾಳಿ ಬಿಸಿಗಾಳಿಗಿಂತ ದಟ್ಟ, ರೆಕ್ಕೆಗೆ ಒಳ್ಳೆಯ ಆಧಾರ ಕೊಡುತ್ತದೆ. ಮಂಜು ಕರಗಿದ ಮೇಲೆ ನೋಟವೂ ಸ್ವಚ್ಛ.

ಜನವರಿಯ ಬ್ಯಾಡಗಿಯನ್ನು ಮೇಲಿನಿಂದ ನೋಡಬೇಕೆಂಬ ಆಸೆ ನನಗೆ ಮೊದಲಿನಿಂದಲೂ ಇದೆ. ಸೋಮವಾರ, ಗುರುವಾರ ಮಾರುಕಟ್ಟೆ. ಹಂಗಾಮು ಏರಿದಾಗ ಒಂದೇ ದಿನಕ್ಕೆ ಚೀಲಗಳ ಲೆಕ್ಕ ಲಕ್ಷ ದಾಟುತ್ತದೆ. ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲಿನಿಂದ ಬಂದ ಲಾರಿಗಳು ಸಾಲುಗಟ್ಟುತ್ತವೆ. ಊರ ಹೊರಗಿನ ಬಯಲುಗಳಲ್ಲಿ ಒಣಹಾಕಿದ ಕಾಯಿ. ಡಬ್ಬಿ ಎಂಬ ತಳಿ ಗಿಡ್ಡ, ಸುಕ್ಕು ಸುಕ್ಕು, ಬಣ್ಣದಲ್ಲಿ ಎತ್ತಿದ ಕೈ. ಕಡ್ಡಿ ಉದ್ದ, ತೆಳ್ಳಗೆ. ಅದರ ಪಕ್ಕದಲ್ಲಿ ಬಾಯಿಗೆ ಬಟ್ಟೆ ಕಟ್ಟಿಕೊಂಡು ಕುಕ್ಕರಗಾಲಲ್ಲಿ ಕೂತು ತೊಟ್ಟು ತೆಗೆಯುವ, ಕಾಯಿ ಆರಿಸುವ ಹೆಂಗಸರು. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕ ಈ ಕಾಯಿಯ ಕೆಂಪು ತುಟಿಗೆ ಹಚ್ಚುವ ಬಣ್ಣದವರೆಗೂ ಹೋಗಿದೆ. ಕಪ್ಪು ಎರೆ ನೆಲದ ಮೇಲೆ ಆ ಕೆಂಪು ಮೇಲಿನಿಂದ ಹೇಗೆ ಕಾಣಬಹುದು ಎಂದು ನಾನು ಹೇಳುತ್ತಿದ್ದಂತೆಯೇ ಅವ್ವ ತಡೆದಳು.

‘ಹುಚ್ಚಪ್ಪ, ಅದರ ಗಾಳಿ ಬಡಿದ್ರ ಕಾಯಿ ಎಲ್ಲಿ ಉಳಿತಾವು? ಊರ ತುಂಬ ಘಾಟು ಎಬ್ಬಸ್ತಿ ಏನು?’

ಮಾತು ನೂರಕ್ಕೆ ನೂರು ನಿಜ. ಎರಡು ಟನ್ ಭಾರವನ್ನು ಎತ್ತಲು ಅಷ್ಟೇ ಬಲದಲ್ಲಿ ಗಾಳಿಯನ್ನು ಕೆಳಕ್ಕೆ ದೂಡಬೇಕು. ತಗ್ಗಿನಲ್ಲಿ ಬಂದರೆ ಒಣಗಿದ ಕಾಯಿ, ಬೀಜ, ಪುಡಿ ಎಲ್ಲ ಮೇಲೇಳುತ್ತದೆ; ಬ್ಯಾಡಗಿ ಇಡೀ ದಿನ ಸೀನುತ್ತದೆ, ಪೈಲಟ್ ಕಣ್ಣಿನ ಗತಿ ಏನೋ. ಹಾಗಾದರೆ ರಾಣೆಬೆನ್ನೂರು? 1974ರಲ್ಲಿ ಘೋಷಣೆಯಾದ 119 ಚದರ ಕಿಲೋಮೀಟರಿನ ಅಭಯಾರಣ್ಯ ಅಲ್ಲಿದೆ. ಬಯಲು ಹುಲ್ಲುಗಾವಲಿನಲ್ಲಿ ನೀಲಗಿರಿ ನೆಟ್ಟು ಎರೆಭೂತ ಹಕ್ಕಿಯನ್ನು ಆಗಲೇ ಕಳೆದುಕೊಂಡಿದ್ದೇವೆ. ಚಿಗರಿಗಳು ಟ್ರ್ಯಾಕ್ಟರ್ ಸದ್ದಿಗೇ ಹಾರಿ ಓಡುತ್ತವೆ, ಅವುಗಳ ತಲೆಯ ಮೇಲೆ ಇದನ್ನು ತರಬಾರದು. ಹೊಳೆಗುಂಟ ಕೆಳಕ್ಕೆ ಹೋದರೆ ಮೈಲಾರಲಿಂಗನ ಸರಹದ್ದು, ಹೊಳೆಯ ಈಚೆ ಕಡೆ ದೇವರಗುಡ್ಡ. ಅಲ್ಲಿ ಪೈಲಟ್ ಒಪ್ಪಿದರೂ ಅವ್ವ ಒಪ್ಪುವುದಿಲ್ಲ. ಮೆಣಸಿನಕಾಯಿ ಬಿಡು, ಚಿಗರಿ ಬಿಡು, ದೇವರನ್ನು ಬಿಡು ಎಂದರೆ ಹಾರಲು ಉಳಿಯುವುದು ಹೆದ್ದಾರಿ. ಅದನ್ನು ಬಸ್ಸಿನಲ್ಲೇ ನೋಡುತ್ತೇವೆ.

ಹಂಪಿಗೂ ಈ ಮಾತು ತಕ್ಕಮಟ್ಟಿಗೆ ಅನ್ವಯಿಸುತ್ತದೆ. ನಾವು ಮೇಲೆ ಖುಷಿಪಡುತ್ತಿದ್ದಾಗ ಕೆಳಗೆ ವಿಠ್ಠಲನ ಗುಡಿಯಲ್ಲಿ ನಿಂತವರಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಿರಲಾರದು. ಹತ್ತು ನಿಮಿಷಕ್ಕೊಮ್ಮೆ, ದಿನವಿಡೀ. ಉತ್ಸವದ ಮೂರು ದಿನ ಸಹಿಸಬಹುದು, ವರ್ಷವಿಡೀ ಅಲ್ಲ. 2021ರಲ್ಲಿ ಮೈಸೂರಿನ ಲಲಿತಮಹಲ್ ಬಳಿ ಹೆಲಿ ಪ್ರವಾಸೋದ್ಯಮಕ್ಕೆಂದು ಮರ ಕಡಿಯಲು ಹೊರಟಾಗ ಊರಿಗೆ ಊರೇ ವಿರೋಧಿಸಿದ್ದು ನೆನಪಿದೆ. ಮೈಸೂರಿನವರು ಮಾಡಿದ್ದು ಸರಿ. ಹೆಲಿಕಾಪ್ಟರ್ ಜಾತ್ರೆಗೆ ಬರಲಿ, ಜಾತ್ರೆ ಮುಗಿದ ಮೇಲೆ ಹೋಗಲಿ. ಖಾಯಂ ನಿಲ್ದಾಣ, ಅದಕ್ಕೊಂದು ಕಾಂಪೌಂಡ್, ಅದಕ್ಕಾಗಿ ನೂರು ಮರ, ಇದು ಹಂಪಿಗೂ ಬೇಡ, ಹಾವೇರಿಗೂ ಬೇಡ.

ಹಾಗೆಂದು ಒಮ್ಮೆಯೂ ಹತ್ತಬೇಡಿ ಎನ್ನುವವನಲ್ಲ ನಾನು. ಜೀವಮಾನವಿಡೀ ಕೆಳಗೆ ನಿಂತು ನೋಡಿದ ಅಪ್ಪ, ಅವ್ವನನ್ನು ಒಮ್ಮೆ ಮೇಲೆ ಕೂರಿಸುವುದಕ್ಕೆ ಆ ದುಡ್ಡು ಹೆಚ್ಚಲ್ಲ. ಹೋಗುವವರು ಆಧಾರ್ ಕಾರ್ಡ್ ಇಟ್ಟುಕೊಳ್ಳಿ. ಮುಂಜಾನೆ ಮಂಜಿದ್ದರೆ ಹಾರಾಟ ತಡವಾಗುತ್ತದೆ, ಮಧ್ಯಾಹ್ನದ ಮೇಲೆ ಜನಜಂಗುಳಿ. ಒಂಬತ್ತು, ಹತ್ತರ ಹೊತ್ತು ಒಳ್ಳೆಯದು. ಹೊಟ್ಟೆ ತುಂಬ ಉಂಡು ಹತ್ತಬೇಡಿ, ಬುತ್ತಿಯನ್ನು ಇಳಿದ ಮೇಲೆ ಬಿಚ್ಚಿ. ಎದೆ ಬಡಿತದ ತೊಂದರೆ ಇದ್ದವರು, ತುಂಬು ಬಸುರಿಯರು ವೈದ್ಯರನ್ನು ಕೇಳದೆ ಹತ್ತಬಾರದು. ಫೋನ್ ಹಿಡಿದು ವಿಡಿಯೊ ಮಾಡುತ್ತ ಕೂತರೆ ಎಂಟು ನಿಮಿಷವೂ ಆ ಸಣ್ಣ ಪರದೆಯಲ್ಲೇ ಮುಗಿಯುತ್ತದೆ, ಒಬ್ಬರು ಮಾಡಿದರೆ ಸಾಕು. ಉತ್ಸವದ ದಿನಾಂಕ ವರ್ಷಕ್ಕೊಂದು ಥರ ಬದಲಾಗುತ್ತದೆ. ವಿಜಯನಗರ ಜಿಲ್ಲಾಡಳಿತ ಪ್ರಕಟಿಸುವವರೆಗೆ ರಜೆ ಬರೆಯಬೇಡಿ, ರೂಮೂ ಕಾಯ್ದಿರಿಸಬೇಡಿ.